ಜೀಪಿನ ಹಿಂದೆ ಓಡಿದ ಮಾವ

ಕಳೆದ ವಾರ ಹಸುವಿಗೆ ಹಗ್ಗ ತರಲು ಮಾನಂತವಾಡಿಗೆ ಹೋಗಿದ್ದೆ. ಅಂಗಡಿಯವನು ತೆಂಗಿನ ನಾರಿನ ದಪ್ಪ ಹಗ್ಗವೊಂದನ್ನು ಬಿಸಿಲಿಗೆ ಎಳೆದು ಹಾಕಿದ. ಕಾದ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗಡಿಯಿಂದ ಹೊರಬಿದ್ದೆ. ಏನೂ ಕೊಳ್ಳದೆ ನಮ್ಮೂರು ತೋಲ್ಪೆಟ್ಟಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪಟ್ಟಾಳದ ಮಾವನದೇ ನೆನಪು...

ರಕ್ತಸಂಬಂಧವೇನಿಲ್ಲ, ಬೇಲಿಯಾಚೆ ಮನೆಯವನು. ಸೈನ್ಯಕ್ಕೆ ಇಲ್ಲಿಯವರು ಪಟ್ಟಾಳ ಎನ್ನುತ್ತಾರೆ. ಅಲ್ಲಿಂದ ನಿವೃತ್ತನಾಗಿ ಬಂದವನು. ನಮ್ಮಪ್ಪನಿಗೆ ಅವನೆಂದರೆ ಜೀವ. ನನಗೆ ಮೊದಲಿನಿಂದಲೂ ಕಂಡರಾಗದು. ಅವನಿಗೆ ಬಾಯಿಗಿಂತ ಕೈ ಮುಂದು. ಹೆಂಡತಿಗೆ ಹೊಡೆಯುತ್ತಿದ್ದ, ಎತ್ತಿಗೆ ಹೊಡೆಯುತ್ತಿದ್ದ, ಚಿಲ್ಲರೆ ಕೊಡಲಿಲ್ಲವೆಂದು ಬಸ್ಸಿನ ಕಂಡಕ್ಟರಿಗೂ ಒಮ್ಮೆ ಬಾರಿಸಿದ್ದ.

ನಾನಿನ್ನೂ ಹುಡುಗಿಯಾಗಿದ್ದ ಕಾಲ, ಕೇರಳದ ನಮ್ಮ ವಯನಾಡು ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಆ ಖುಷಿಯಲ್ಲಿ ಮಾನಂತವಾಡಿಯಲ್ಲಿ ಹಗ್ಗಜಗ್ಗಾಟ ಇಟ್ಟರು. ಗೆದ್ದವರಿಗೆ ಒಂದು ಗೊನೆ ನೇಂದ್ರ ಬಾಳೆ, ಒಂದು ಹೋತ. ಅಷ್ಟಕ್ಕಾಗಿ ನಮ್ಮ ಕನ್ನಡದವರ ತಂಡವನ್ನು ಮಾವ ಕಟ್ಟಿದ. ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಕೊನೆಯಲ್ಲಿ ನಿಲ್ಲುವವನು ನನ್ನ ಅಣ್ಣ. ಆಳು ಭಾರಿ, ಮಾತು ಕಡಿಮೆ. ತಂಡದ ಒಟ್ಟು ತೂಕಕ್ಕೆ ಮಿತಿಯಿತ್ತು. ಮೆಣಸಿನ ವ್ಯಾಪಾರಿಯ ತಕ್ಕಡಿಯಲ್ಲಿ ತೂಗಿದಾಗ ಜಾಸ್ತಿ ಬಂತು. ಅಣ್ಣನನ್ನು ಇಳಿಸಲು ಮಾವ ಹುಡುಕಿದ ದಾರಿಯೆಂದರೆ, ಬಿಸಿಲೇರುವ ಕುಂಭಮಾಸದ ನಡುಮಧ್ಯಾಹ್ನ ಕೊಯ್ಲಾದ ಗದ್ದೆಯಲ್ಲಿ ಕಂಬಳಿ ಹೊದ್ದು ಓಡುವುದು. ನೀರು ಮುಟ್ಟುವಂತಿಲ್ಲ. ಬೆವರಿ ಬೆವರಿ ತೂಕ ಇಳಿಯಬೇಕು.

ನಾನು ಮಡಕೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಒಯ್ದೆ. ಮಾವನ ಒಂದೇ ಒದೆಗೆ ಮಡಕೆ ಚೂರಾಯಿತು. ನೆಲದ ಮೇಲಿನ ಮಜ್ಜಿಗೆಗೆ ಕೈಯೊಡ್ಡಿದ ತಂಡದವನೊಬ್ಬನ ಬೆನ್ನಿಗೆ ಕಾಫಿಗಿಡದ ಕೋಲು ಬಿತ್ತು. ಬಿಸಿಲು ಹೊಡೆದರೆ ಏನು ಮಾಡುತ್ತೀಯ ಎಂದು ನಾನು ಜಗಳಕ್ಕೆ ನಿಂತೆ.

"ಬಿಸ್ಲು ಹೊಡೆಯಕ್ಕೆ ಇದೇನು ರಾಜಸ್ಥಾನವಾ? ಅಲ್ಲಿ ಬಿದ್ದೋರ್ನ ನಾನೇ ಹೊತ್ತಿವ್ನಿ. ಇದು ವಯನಾಡು ಕಣಮ್ಮಿ. ಇಲ್ಲಿ ಸಾಯದು ಚಳಿಗೆ."

ನನಗೂ ಹೌದೆನಿಸಿತು. ನಾವೆಲ್ಲ ನಂಬಿದ್ದೂ ಅದನ್ನೇ. ಮೈ ಒದ್ದೆಯಾದರೆ ಗಾಳಿ ತಾಗೀತೆಂದು ಮೊದಲು ಕಂಬಳಿ ಹುಡುಕುವ ಜನ ನಾವು.

ಪಂದ್ಯದ ಹಿಂದಿನ ದಿನ ಓಡುತ್ತಿದ್ದ ಅಣ್ಣ ಓಲಾಡತೊಡಗಿದ. ಹತ್ತಿರ ಹೋದರೆ ಮುಖವೆಲ್ಲ ಕೆಂಪು. ನನ್ನನ್ನು "ಅವ್ವ" ಎಂದು ಕರೆದ. ಯಾವತ್ತೋ ಸತ್ತ ಎಮ್ಮೆಯನ್ನು ಕಟ್ಟಿಹಾಕು ಎಂದ. ಮಾವ ಬಂದು ಭುಜ ಹಿಡಿದ ಕೂಡಲೇ ಅಣ್ಣ ಅವನ ಮೂಗಿಗೆ ಗುದ್ದಿದ. ಯಾರಿಗೂ ಎದುರು ಮಾತಾಡದ ಅಣ್ಣ! ಕಾವು ತಲೆಗೇರಿ ಹಾಗೆ ಮಾಡುತ್ತಿದ್ದಾನೆಂದು ಯಾರಿಗೂ ಹೊಳೆಯಲಿಲ್ಲ.

"ಕಳ್ಳು ಕುಡ್ಕಂಡ್ ಬಂದಿದ್ದೀಯೇನ್ಲಾ?"

ಕೋಲು ಮುರಿಯುವ ತನಕ ಹೊಡೆದ. ಮುರಿದ ಮೇಲೆ ಬೂಟುಗಾಲಲ್ಲಿ ಒದ್ದ. ನಾನು ಅವನ ಕೈ ಕಚ್ಚಿದೆ, ರಕ್ತ ಬಾಯಿಗೆ ಬಂತು. ಅಷ್ಟರಲ್ಲಿ ಅಣ್ಣ ಕುಸಿದು, ಕೈಕಾಲು ಸೆಟೆದು ಒದ್ದಾಡತೊಡಗಿದ. ಮೂರ್ಛೆರೋಗವೆಂದುಕೊಂಡು ಒಬ್ಬ ಅಂಗೈಗೆ ಬೀಗದ ಕೈ ತುರುಕಿದ. ಇನ್ನೊಬ್ಬ "ವೆಳ್ಳಂ, ವೆಳ್ಳಂ" ಎನ್ನುತ್ತ ಚೊಂಬಿನ ನೀರನ್ನು ಬಾಯಿಗೆ ಹುಯ್ಯಲು ಬಂದ.

ಮಾವ ಅಣ್ಣನ ಕತ್ತು ಮುಟ್ಟಿದ. ಬೆಂಕಿಯಂಥ ಕಾವಿಗೆ ಮುಟ್ಟಿದ ಕೈ ಅಲ್ಲೇ ನಿಂತಿತು. ಮರುಗಳಿಗೆಗೆ ಚೊಂಬಿನವನ ಕಪಾಳಕ್ಕೆ ಬಿಗಿದು ಕಿರುಚಿದ: "ಬಾಯಿಗಲ್ಲ, ಮೈಗೆ ಹುಯ್ಯಿ! ಎಚ್ಚರ ಇಲ್ದೋನ್ ಬಾಯಿಗೆ ಹುಯ್ದ್ರೆ ಉಸ್ರು ಕಟ್ತದೆ!" ಕಂಬಳಿ ಕಿತ್ತೆಸೆದ, ಅಂಗಿ ಹರಿದ, ಅಣ್ಣನನ್ನು ಹಲಸಿನ ಮರದ ನೆರಳಿಗೆ ಎಳೆದು ಮಗ್ಗುಲಾಗಿ ಮಲಗಿಸಿದ. ತೋಡಿನ ನೀರು ತರಿಸಿ ತಲೆಯಿಂದ ಕಾಲಿನ ತನಕ ಸುರಿದ. ಒದ್ದೆ ಬಟ್ಟೆಯನ್ನು ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಒತ್ತಿದ. ಕಣದ ಮೊರವನ್ನು ನನ್ನ ಕೈಗೆ ಕೊಟ್ಟು, "ಬೀಸು ಮಗಾ, ನಿಲ್ಲಿಸ್ಬೇಡ" ಎಂದ. ಉಳಿದವರು ಮತ್ತೆ ನೀರಿಗೆ ಓಡಿದ್ದರು. ನಾನು ಬೀಸುತ್ತಲೇ ಇದ್ದೆ. ಒದ್ದಾಟ ನಿಂತಿತು. ಅಣ್ಣ ಕಣ್ಣು ಬಿಟ್ಟು ನನ್ನ ಹೆಸರು ಹಿಡಿದು ಕರೆದ... ಮತ್ತೆ ಕಣ್ಣು ಮುಚ್ಚಿದ. ಮಾವ ಅಳುತ್ತಿದ್ದ.

ಆಗ ಅಪ್ಪ ಜೀಪು ತಂದ. ಮಾವ ಮಗನನ್ನು ಹೊಡೆದು ಕೆಡವಿದ ಎಂಬ ಸುದ್ದಿಯಷ್ಟೇ ಅವನಿಗೆ ತಲುಪಿತ್ತು. ಕೈಯಲ್ಲಿ ಮಚ್ಚು. ಕಂಡದ್ದು ಅಂಗಿಯಿಲ್ಲದ ಮಗ, ತೊಯ್ದ ಮೈ, ಮೈತುಂಬ ಬಾಸುಂಡೆ. "ಹೊಡ್ದಿದ್ದು ಸಾಲ್ದೆ ಶೀತ ಹಿಡ್ಸಿ ಸಾಯಿಸ್ತೀಯಾ?" ಎಂದವನೇ ಕಂಬಳಿ ಎತ್ತಿಕೊಂಡು ಅಣ್ಣನನ್ನು ಸುತ್ತಿದ, ಜೀಪಿಗೆ ಹಾಕಿ ಟಾರ್ಪಾಲು ಇಳಿಸಿ ಬಿಗಿದ.

"ಮುಚ್ಬೇಡ ಬಾವ! ನಿನ್ ಕಾಲಿಗ್ ಬೀಳ್ತೀನಿ, ಗಾಳಿ ಬುಡು, ನೀರ್ ಹಾಕ್ತಾ ಹೋಗು!"

ಅಪ್ಪ ಮಚ್ಚಿನ ಹಿಂಬದಿಯಿಂದ ಅವನ ಹಣೆಗೆ ಹೊಡೆದ. ಮಾವ ಬಿದ್ದ, ಎದ್ದ, ಮುಖದ ತುಂಬ ರಕ್ತ ಸುರಿಸಿಕೊಂಡು ಜೀಪಿನ ಹಿಂದೆ ಓಡಿ ಬಂದ. ಒಳಗೆ ನಾನು ಕಂಬಳಿ ತೆಗೆಯಲು ಹೋದರೆ ಅಪ್ಪ ನನಗೂ ಹೊಡೆದ. ಮಾನಂತವಾಡಿ ದಾರಿಯ ಬೇಗೂರು ಕಾಡು ದಾಟುವಷ್ಟರಲ್ಲಿ ಅಣ್ಣನ ಮೈ ಮತ್ತೆ ಸುಡುತ್ತಿತ್ತು. ಆಸ್ಪತ್ರೆ ಮುಟ್ಟುವಾಗ ಉಸಿರಿರಲಿಲ್ಲ.

ಏಟು ತಿಂದು ಸತ್ತ ಎಂದು ಊರು ಹೇಳಿತು. ವಯನಾಡಿನಲ್ಲಿ ಬಿಸಿಲಿಗೆ ಸತ್ತ ಎಂದರೆ ಯಾರು ನಂಬುತ್ತಿದ್ದರು? ಮಾವನೂ ಪೊಲೀಸರೆದುರು "ನಾನ್ ಹೊಡ್ದೆ, ಸತ್ತ" ಎಂದಷ್ಟೇ ಹೇಳಿ ಜೈಲಿಗೆ ಹೋದ. ವರ್ಷಗಳ ಮೇಲೆ ಹಿಂತಿರುಗಿದಾಗ ಬೇಲಿಯ ಹತ್ತಿರ ಅವನನ್ನು ಹಿಡಿದು ಕೇಳಿದೆ, ಕಂಬಳಿಯ ವಿಷಯ ಯಾಕೆ ಬಾಯಿಬಿಡಲಿಲ್ಲವೆಂದು.

"ಓಡಿಸ್ದೋನು ನಾನು, ಹೊಡ್ದೋನು ನಾನು. ಆ ಕಂಬ್ಳಿ ಮಾತು ಕೇಳಿದ್ರೆ ನಿಮ್ಮಪ್ಪ ಉಳೀತಿದ್ನಾ ಮಗಾ?"

ಅಪ್ಪ ಸಾಯುವ ತನಕ ದಿನಾ ಬೆಳಗ್ಗೆ ಆ ಬೇಲಿಯಾಚೆಗೆ ಉಗಿದ. ಮಾವ ತಲೆ ತಗ್ಗಿಸಿ ತನ್ನ ಅಂಗಳ ಗುಡಿಸುತ್ತಿದ್ದ.

ಈ ಬೇಸಿಗೆಯಲ್ಲಿ ಮಾವನೂ ಹೋದ. ಮಣ್ಣಿಗೆ ಹೋಗಿದ್ದೆ, ಅಳು ಬರಲಿಲ್ಲ. ನನ್ನ ಅಣ್ಣನನ್ನು ಕೊಂದವನು ಅವನೇ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಆ ಮರದಡಿಯಲ್ಲಿ ಅಣ್ಣ ಕಣ್ಣು ಬಿಟ್ಟದ್ದು, ಬದುಕಿಕೊಳ್ಳುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಈಗ ಗೊತ್ತಿರುವುದು ನನಗೊಬ್ಬಳಿಗೇ.