ಬನಿಯನ್ ಜೇಬಿನ ಪಾಸ್‌ಪೋರ್ಟ್

ಇದನ್ನು ಹೇಳಬೇಕೆಂದುಕೊಂಡು ಹನ್ನೊಂದು ವರ್ಷ ಮುಂದೂಡಿದ್ದೇನೆ. ಈಗಲೂ ಫ್ರಾನ್ಸ್ ಪ್ರವಾಸದ ನೆಪ ಸಿಕ್ಕಿದ್ದರಿಂದ ಶುರು ಮಾಡುತ್ತಿದ್ದೇನೆ. ನೇರ ಹೇಳುವ ಧೈರ್ಯವಿದ್ದಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಗಳು ಶರ್ಮಿಳಾ ನನ್ನನ್ನೂ ಹೆಂಡತಿಯನ್ನೂ ಕುವೈತ್‌ನಿಂದ ಫ್ರಾನ್ಸಿನ ಕಡಲ ದಡದ ಒಂದು ಪುಟ್ಟ ಊರಿಗೆ ಕರೆದೊಯ್ದಳು. ಊರಿನ ಹೆಸರನ್ನು ನೋಡಿ ಬರೆಯಬಲ್ಲೆ, ಉಚ್ಚರಿಸಲಾರೆ. ಬೆಳಿಗ್ಗೆ ಕಂಡ ಸಮುದ್ರ ಮಧ್ಯಾಹ್ನ ಇರಲಿಲ್ಲ. ಇಳಿತಕ್ಕೆ ಅರ್ಧ ಮೈಲಿ ಹಿಂದೆ ಸರಿದು, ದೋಣಿಗಳನ್ನು ಕೆಸರಲ್ಲಿ ಓರೆಯಾಗಿ ಬಿಟ್ಟು ಹೋಗಿತ್ತು. ಮಲ್ಪೆಯಲ್ಲಿ ಹುಟ್ಟಿದ ನಾನು, ಸಮುದ್ರ ಹೀಗೆ ಹೇಳದೆ ಕೇಳದೆ ರಜೆ ಹಾಕುವುದನ್ನು ನೋಡಿರಲಿಲ್ಲ. ಎಲ್ಲರೂ ಬರಿಗಾಲಲ್ಲಿ ಅದನ್ನು ಹುಡುಕಿಕೊಂಡು ನಡೆದರು. ನಾನು ಬೂಟು ಹಾಕಿಕೊಂಡೇ ಬೆಂಚಿನ ಮೇಲೆ ಕುಳಿತು, ಎರಡು ನಿಮಿಷಕ್ಕೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಪಕ್ಕದ ಅಜ್ಜಿ ನನಗೇನೋ ಹೃದಯದ ಕಾಯಿಲೆ ಎಂದುಕೊಂಡು ನೀರು ಕೊಟ್ಟಳು. ಅಲ್ಲಿದ್ದದ್ದು ಪಾಸ್‌ಪೋರ್ಟ್, ಹೆಂಡತಿ ಬನಿಯನ್ನಿಗೆ ಹೊಲಿದುಕೊಟ್ಟ ಜೇಬಿನಲ್ಲಿ, ಬ್ರೆಡ್ಡಿನ ಪ್ಲಾಸ್ಟಿಕ್ ಸುತ್ತಿಕೊಂಡು.

"ಪಪ್ಪಾ, ಅದನ್ನು ರೂಮಲ್ಲಿಡಿ ಮಾರಾಯ್ರೆ! ಇಲ್ಲಿ ಯಾರು ಕದೀತಾರೆ?" ಎಂದಳು ಶರ್ಮಿಳಾ.

ಕಳ್ಳರ ಭಯವಲ್ಲ. ಮೊದಲ ದಿನ ಹೋಟೆಲಿನಾಕೆ ವಿವರ ಬರೆದುಕೊಳ್ಳಲು ಪಾಸ್‌ಪೋರ್ಟನ್ನು ಒಳಗೆ ಒಯ್ದಿದ್ದಳು. ಮನೆಯವರೆಲ್ಲ ರೂಮಿಗೆ ಹೋದರೂ ನಾನು ಕದಲಲಿಲ್ಲ. 

ಇನ್ನೊಬ್ಬರ ಪಾಸ್‌ಪೋರ್ಟ್ ಒಳಗಿಡುವುದು ಒಂದು ಕಾಲದಲ್ಲಿ ನನ್ನದೇ ಕೆಲಸವಾಗಿತ್ತು. ಕುವೈತ್‌ನ ಶುವೈಖ್‌ನಲ್ಲಿ ಒಂದು ಗೋದಾಮಿನ ಗುಮಾಸ್ತ ನಾನು. ನಲವತ್ತು ಜನರ ಪಾಸ್‌ಪೋರ್ಟ್ ಕಬ್ಬಿಣದ ಕಪಾಟಿನಲ್ಲಿ, ಕೀ ನನ್ನ ಸೊಂಟದಲ್ಲಿ. ಕಫೀಲನ, ಅಂದರೆ ನಮಗೆಲ್ಲ ವೀಸಾ ಕೊಟ್ಟ ಕುವೈತಿ ಧಣಿಯ, ಸಹಿ ಇಲ್ಲದೆ ಕೊಡುವಂತಿಲ್ಲ. ಹೈಸ್ಕೂಲು ಓದಿದವನಿಗೆ ಇಷ್ಟು ಅಧಿಕಾರ ಇನ್ನೆಲ್ಲಿ ಸಿಕ್ಕೀತು?

ಒಂದು ಗುರುವಾರ, ಶುಕ್ರ-ಶನಿವಾರದ ರಜೆಗೆ ಬೀಗ ಹಾಕುವ ಹೊತ್ತಿಗೆ, ನಮ್ಮ ಲಾರಿ ಡ್ರೈವರ್ ಬಂದ.

"ಪೊರ್ಬುಗಳೇ," ಎಂದ, ನಮ್ಮ ಕಡೆ ಕ್ರೈಸ್ತರನ್ನು ಕರೆಯುವುದೇ ಹಾಗೆ. "ಅಮ್ಮ ಇವತ್ತು ನಾಳೆ ಅನ್ನುವ ಹಾಗೆ ಇದ್ದಾರಂತೆ. ಪಾಸ್‌ಪೋರ್ಟ್ ಒಂದು ಕೊಡಿ."

"ಸಹಿ ಎಲ್ಲುಂಟು?"

"ನೀವು ಒಂದು ಫೋನ್ ಮಾಡಿದ್ರೆ ಕಫೀಲ್ ಇಲ್ಲ ಅನ್ಲಿಕ್ಕಿಲ್ಲ."

"ಭಾನುವಾರ ಬಾ. ಖಲಾಸ್."

ಫೋನ್ ಮೇಜಿನ ಮೇಲೇ ಇತ್ತು. ಕಫೀಲ್ ಹೂಂ ಅನ್ನುತ್ತಿದ್ದ, ಅದೂ ಗೊತ್ತಿತ್ತು. ಆದರೆ ಸಹಿ ಇಲ್ಲದೆ ಕಪಾಟು ಮುಟ್ಟುವವನಲ್ಲ ಎಂಬ ಹೆಸರಿತ್ತು ನನಗೆ. ಆ ಹೆಸರಿನ ಮೇಲೆ ಬಹಳ ಪ್ರೀತಿ. ಶನಿವಾರ ಅವನ ತಾಯಿ ತೀರಿಕೊಂಡರು. ಅವನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿರುಗಿ ಬಂದವನು ಪಾಸ್‌ಪೋರ್ಟನ್ನು ನನ್ನ ಕೈಗೇ ಕೊಟ್ಟ. ಜೊತೆಗೆ, ಊರಿಂದ ಬಂದವರೆಲ್ಲ ತರುವಂತೆ, ಒಂದು ಪೊಟ್ಟಣ ಬಾಳೆಕಾಯಿ ಚಿಪ್ಸ್. ನಾನು ತಿಂದೆ ಕೂಡ.

ಪಾದ್ರಿಗಳಲ್ಲಿ ಪಾಪನಿವೇದನೆ ಮಾಡಿದ್ದೇನೆ. ಅವರು ಸುಲಭವಾಗಿ ಕ್ಷಮಿಸಿದರು; ನಾನು ತಡೆದಿಟ್ಟದ್ದು ಅವರ ಪಾಸ್‌ಪೋರ್ಟ್ ಅಲ್ಲವಲ್ಲ.

ಆ ಹೋಟೆಲಿನಾಕೆ ಹತ್ತು ನಿಮಿಷಕ್ಕೆ ಹೊರಬಂದು, ಪಾಸ್‌ಪೋರ್ಟ್ ಕೈಗಿಟ್ಟು, "ಪಾರ್ದೋನ್" ಎಂದಳು. ಅಷ್ಟು ಫ್ರೆಂಚ್ ನನಗೂ ತಿಳಿಯುತ್ತದೆ. ಹತ್ತು ನಿಮಿಷ ತಡವಾದದ್ದಕ್ಕೆ ಕ್ಷಮೆ!

ಡ್ರೈವರ್ ಈಗ ಇಲ್ಲೇ ಕುವೈತ್‌ನಲ್ಲಿ, ರಾಯ್ ಎಂಬಲ್ಲಿನ ಟಯರ್ ಅಂಗಡಿಯೊಂದರಲ್ಲಿದ್ದಾನೆ. ರಿಗ್ಗೈಯ ನಮ್ಮ ಮನೆಯಿಂದ ಅದೂ ಹತ್ತೇ ನಿಮಿಷ. ಫ್ರಾನ್ಸಿಗೆ ಹೋಗಿಬಂದೆ, ಅಲ್ಲಿಗಿನ್ನೂ ಹೋಗಿಲ್ಲ. ಹೊರಡುತ್ತೇನೆ, ಬಿಸಿಲೆಂದೋ ಧೂಳೆಂದೋ ಕೂರುತ್ತೇನೆ. ಇದಕ್ಕೂ ಯಾರದೋ ಸಹಿಗೆ ಕಾಯುತ್ತಿರುವಂತಿದೆ. ಇಷ್ಟು ಬರೆಯುವಾಗಲೂ ಅವನನ್ನು ಡ್ರೈವರ್ ಎಂದೇ ಕರೆದೆ, ನೋಡಿ. ಕಪಾಟಿನಲ್ಲಿ ಅವನ ಪಾಸ್‌ಪೋರ್ಟ್ ಯಾವ ಸಾಲಿನಲ್ಲಿತ್ತೆಂದು ಈಗಲೂ ಹೇಳಬಲ್ಲೆ. ಅದರ ಮೇಲಿದ್ದ ಹೆಸರೂ ಗೊತ್ತು: ಸಂಜೀವ ಪೂಜಾರಿ.