ಮೊಣಕೈ ಮುಚ್ಚಿಕೊಂಡು ಡಾಕ್ಟರ ಹತ್ತಿರ ಹೋದದ್ದು

ಮಂಡಕ್ಕಿ ಜರಡಿ ಹಿಡಿಯುತ್ತಿದ್ದಾಗ ಪಿ.ಜೆ. ಬಡಾವಣೆಯ ಡಾಕ್ಟರಮ್ಮನ ಫೋನು ಬಂತು. ಎಡಗೈಯ ಉಂಗುರದ ಬೆರಳು ಬುಡದಿಂದ ತುದಿಯವರೆಗೆ ಮೆಣಸಿನಕಾಯಿ ಬಜ್ಜಿಯಂತೆ ಊದಿಕೊಂಡಿದೆಯೆಂದು ಹಿಂದಿನ ವಾರ ಅವರಿಗೆ ತೋರಿಸಿ, ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೆ.

"ರಕ್ತದಾಗೆ ವಾತದ ಗುರುತು ಏನೂ ಇಲ್ರೀ," ಎಂದರು.

ಪಕ್ಕದಲ್ಲಿದ್ದ ನಮ್ಮ ಯಜಮಾನರು "ಏನೂ ಇಲ್ವಂತೆ!" ಎಂದು ಹಿಗ್ಗಿ, ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಹಾಗಾದರೆ ಈ ಬಜ್ಜಿ ಯಾರದು?

ನನಗೆ ನೋವಿಗಿಂತ ಪೂಜೆಯದೇ ಚಿಂತೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಎದ್ದರೆ ಬೆರಳು ಬಿಚ್ಚಲು ಒಂದು ತಾಸು. ಲಿಂಗ ಎಲ್ಲಿ ಜಾರೀತೋ ಎಂದು ಮಡಿಲಲ್ಲಿ ದಿಂಬಿಟ್ಟುಕೊಂಡು ಕೂರುತ್ತಿದ್ದೆ. ಆರು ಗಂಟೆಯ ಶಿವನಿಗೆ ಏಳಕ್ಕೆ ಬಾರಪ್ಪ ಎಂದೆ. ಪಾಪ, ಕಾದ. ಆದರೆ ಬೆರಳು ಹೀಗೇ ಸೊಟ್ಟಗೆ ನಿಂತುಬಿಟ್ಟರೆ?

"ಮೈಮ್ಯಾಲೆ ಎಲ್ಲಾದ್ರೂ ಚರ್ಮ ಹೊಟ್ಟು ಹೊಟ್ಟಾಗಿ ಉದುರ್ತೈತೇನ್ರೀ? ಉಗುರು ನೋಡಾಣಂದ್ರೆ ಮದುವಿ ಹೆಣ್ಣಿನಂಗೆ ಮದರಂಗಿ ಹಚ್ಕೊಂಡು ಬಂದಿದ್ರಿ," ಎಂದರು ಡಾಕ್ಟರಮ್ಮ.

ಸಿಕ್ಕಿಬಿದ್ದೆ. ನನಗೆ ಹತ್ತು ವರ್ಷದಿಂದ ಮೊಣಕೈಯಲ್ಲಿ ಸೋರಿಯಾಸಿಸ್. ಅಂಟುವ ರೋಗವಲ್ಲ. ಆದರೂ ಹರಿಹರದ ನಾದಿನಿ ಒಮ್ಮೆ ನಾನು ಕೊಟ್ಟ ಹೋಳಿಗೆ ತಟ್ಟೆಯನ್ನು ಸೆರಗಿನಲ್ಲಿ ಹಿಡಿದು ಇಸಿದುಕೊಂಡಳು. ಅವತ್ತಿನಿಂದ ನನಗೆ ಉದ್ದ ತೋಳಿನ ರವಿಕೆ. ಉಗುರಿನಲ್ಲೂ ಸಣ್ಣ ಗುಳಿ ಬಿದ್ದ ಮೇಲೆ, ಅದು ಕಾಣದಿರಲೆಂದು ಪಕ್ಕದ ಮನೆಯ ಶಮ್ಶಾದ್ ಮದರಂಗಿ ಹಚ್ಚಿಕೊಟ್ಟಳು. ರೋಗಕ್ಕೆ ಸಿಂಗಾರ ಮಾಡಿ, ಬಚ್ಚಿಟ್ಟುಕೊಂಡು ಡಾಕ್ಟರ ಹತ್ತಿರ ಹೋದವಳು ದಾವಣಗೆರೆಯಲ್ಲಿ ನಾನೊಬ್ಬಳೇ ಇರಬೇಕು.

"ಸೋರಿಯಾಸಿಸ್ ಐತ್ರಿ," ಎಂದೆ ಮೆಲ್ಲಗೆ.

"ಅವತ್ತು ಯಾಕ ಹೇಳ್ಲಿಲ್ಲ?"

"ಕೀಲಿಗೆ ತೋರ್ಸಾಕ ಬಂದಿದ್ನಲ್ರೀ, ಚರ್ಮಕ್ಕಲ್ಲ."

ಫೋನಿನಲ್ಲಿ ಉದ್ದನೆಯ ನಿಟ್ಟುಸಿರು. "ಎರಡಕ್ಕೂ ಬೇರು ಒಂದೇ ರೀ. ಸೋರಿಯಾಸಿಸ್ ಇದ್ದ ಕೆಲವ್ರಿಗೆ ಅದು ಕೀಲಿಗೂ ಇಳಿತೈತೆ. ಈ ರಕ್ತ ಪರೀಕ್ಷೇಲಿ ಕಾಣಾದಿಲ್ಲ. ಬೇಗ ಔಷಧಿ ಶುರು ಮಾಡಿದ್ರೆ ಬೆರಳು ಸೊಟ್ಟ ಆಗಾದು ತಪ್ಪಿಸ್ಬೋದು. ನಾಳೆ ಬರ್ರಿ, ಮೊಣಕೈ ಸಮೇತ!"

ಅಬ್ಬಾ, ಅಂಗೈ ಉಳಿಯುವ ದಾರಿ ಇದೆ! ಗುಳಿ ಬಿದ್ದ ಕಾಲುಗುರಿಗೆ ಮದರಂಗಿ ಸಾಲದೆ ಬಿಟ್ಟಿದ್ದೆವು, ತೋರಿಸಲು ಅಷ್ಟಾದರೂ ಸಾಕ್ಷಿ ಉಳಿದಿದೆ. ಅದೂ ಶಿವನ ಕೃಪೆಯೇ. ಅವನಿಗೆ ನಾನು ಏನನ್ನೂ ಹೇಳಬೇಕಾಗಿಲ್ಲ, ಎಲ್ಲ ಗೊತ್ತು. ಆದರೆ ಉಳಿದವರೂ ಹಾಗೇ ತಿಳಿದುಕೊಳ್ಳಲಿ ಎಂದರೆ ಅವರೇನು ದೇವರೇ?

ಅಷ್ಟರಲ್ಲಿ ನಳದಲ್ಲಿ ನೀರು ಬಂತು. ಕೊಡ ತುಂಬಿಸಿ ಯಜಮಾನರನ್ನು ಕರೆದೆ. "ಕೈ ನೋಯ್ತೈತ್ರಿ. ಇದನ್ನ ನೀವು ಎತ್ರಿ," ಎಂದು ಬಾಯಿಬಿಟ್ಟೇ ಹೇಳಿ, ಎರಡನೆಯ ಕೊಡವನ್ನು ನಳದ ಕೆಳಗೆ ಇಟ್ಟೆ.