ದಡ ಕಾಣದ ದಿನಗಳು

ನಿನ್ನೆ ಹಾಸನದ ನಮ್ಮ ಪತ್ರಿಕಾ ಕಚೇರಿಯ ಮುಂದೆ ಕೆಟ್ಟು ನಿಂತ ಲಾರಿಯೊಂದನ್ನು ಟ್ರ್ಯಾಕ್ಟರ್ ಹಗ್ಗ ಕಟ್ಟಿ ಎಳೆದೊಯ್ಯುತ್ತಿತ್ತು. ಅದರಲ್ಲಿ ಸುದ್ದಿಯೇನೂ ಇರಲಿಲ್ಲ. ಆದರೂ ಕಿಟಕಿಯಲ್ಲೇ ನಿಂತೆ; ಗೋವಿಂದ ನೆನಪಾದ.

ಗೋವಿಂದ ಹೊಳೆನರಸೀಪುರದ ಅರ್ಚಕರ ಮನೆಯವನು, ನಾನು ಹಳ್ಳಿಮೈಸೂರಿನ ಒಕ್ಕಲು ಮನೆಯವನು. ಹೈಸ್ಕೂಲಿನಲ್ಲಿ ಒಂದೇ ಬೆಂಚು. ತೊಂಬತ್ತರ ದಶಕದಲ್ಲಿ ಅವನು ಮಂಗಳೂರಿನ ಬಂದರಿನಲ್ಲಿ ಟಗ್ ದೋಣಿಯ ಮೇಟ್ ಆದ, ಅಂದರೆ ಕ್ಯಾಪ್ಟನ್ನನ ಕೈಕೆಳಗಿನ ಅಧಿಕಾರಿ. ನೀವು ನೋಡಿರಬಹುದು, ದೊಡ್ಡ ಹಡಗುಗಳನ್ನು ಹಗ್ಗ ಹಾಕಿ ಬಂದರಿಗೆ ಎಳೆದು ತರುವ ಗಿಡ್ಡ ದೋಣಿ ಅದು. ಹೇಮಾವತಿಯ ಹಿನ್ನೀರಿಗಿಂತ ದೊಡ್ಡ ನೀರನ್ನು ಕಾಣದ ನಾನು ಅವನ ಬಗ್ಗೆ ‘ಸಪ್ತಸಾಗರ ದಾಟಿದ ಯುವಕ’ ಎಂದು ಬರೆಯಹೊರಟಿದ್ದೆ. ಅವನು ಕೈಮುಗಿದ: “ಬೇಡಪ್ಪಾ, ಅದು ಅಚ್ಚಾದ್ರೆ ದೊಡ್ಡಪ್ಪ ನನ್ನ ಗರ್ಭಗುಡಿಗೆ ಬಿಡಲ್ಲ.”

ಅವರ ಮನೆತನದಲ್ಲಿ ಕಡಲು ದಾಟಿದವನಿಗೆ ಪೂಜೆಯ ಸರದಿ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಪಾಲಿನ ಸರದಿ ಗೋವಿಂದನದು. ವರ್ಷಕ್ಕೊಮ್ಮೆ ರಜೆ ಹಾಕಿ ಬಂದು ಅಭಿಷೇಕ ಮಾಡುತ್ತಿದ್ದ. ಯಾರಾದರೂ ಕೊಂಕು ತೆಗೆದರೆ ಅವನ ತಾಯಿ, “ನಮ್ಮ ಗೋವಿಂದ ಎಲ್ರೀ ದಾಟಿದಾನೆ? ಅವನ ದೋಣಿಯಿಂದ ದಡ ಕಾಣತ್ತೆ” ಎನ್ನುತ್ತಿದ್ದರು.

ಆ ದಡವೇ ತೊಡಕಾಯಿತು. ಮೇಟ್ ಕ್ಯಾಪ್ಟನ್ ಆಗಲು ಮೇಲಿನ ದರ್ಜೆಯ ಲೈಸೆನ್ಸು ಬೇಕು. ಅದಕ್ಕೆ ಸಮುದ್ರದಲ್ಲಿ ಕಳೆದ ದಿನಗಳ ಲೆಕ್ಕ ಕೊಡಬೇಕು. ಬಂದರಿನೊಳಗೆ ದುಡಿದ ದಿನಗಳನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಅರ್ಜಿ ವಾಪಸಾಯಿತು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಾನು ತಮಾಷೆ ಮಾಡಿದೆ: “ಅಲ್ಲ ಕಣ್ಲಾ, ಇಷ್ಟು ವರ್ಸ ನೀರ್ ಮ್ಯಾಲೇ ಇದ್ದೀಯ. ಇನ್ನೆಲ್ಲಿಗ್ ಓಗ್ಬೇಕಂತೆ?”

“ದಡ ಕಾಣದ ಕಡೆಗೆ,” ಎಂದ. ನಗಲಿಲ್ಲ. “ಮನೇಲಿ ಕಡಲಿಗೆ ಹೋಗಿಲ್ಲ ಅನ್ನಿಸ್ಕೋಬೇಕು, ಲೈಸೆನ್ಸ್ ಆಫೀಸಲ್ಲಿ ಹೋಗಿದೀನಿ ಅನ್ನಿಸ್ಕೋಬೇಕು. ನಾನು ಹಗ್ಗ ಹಿಡಿಯೋದು ಕಲಿಸಿದ ಹುಡುಗರೇ ಈಗ ಕ್ಯಾಪ್ಟನ್ ಆಗಿ ನನಗೆ ಆರ್ಡರ್ ಹಾಕ್ತಾರೆ ಕಣೋ.”

ಎರಡು ಸಾವಿರದ ಇಸವಿಯ ಈಚೆಗೆ ಅವನು ಸರಕು ತುಂಬಿದ, ಎಂಜಿನ್ ಇಲ್ಲದ ಬಾರ್ಜು ದೋಣಿಗಳನ್ನು ಕೊಲ್ಲಿ ದೇಶಗಳವರೆಗೆ ಎಳೆದೊಯ್ಯುವ ಟಗ್ ಸೇರಿದ. ಮನೆಯಲ್ಲಿ ಹೇಳಲಿಲ್ಲ. ದಿನಗಳು ತುಂಬಿದವು, ಲೈಸೆನ್ಸು ಬಂತು. ಆ ಹೊತ್ತಿಗೆ ತಾಯಿ ಹಾಸಿಗೆ ಹಿಡಿದಿದ್ದರು. ನೋಡಲು ನಾನೂ ಹೋಗಿದ್ದೆ. “ದಡ ಕಾಣ್ತಿತ್ತು ತಾನೇ?” ಎಂದು ಮಗನನ್ನು ಕೇಳಿದರು.

“ಕಾಣ್ತಿತ್ತಮ್ಮ,” ಎಂದ.

ತಾಯಿಯ ವರ್ಷದ ಕಾರ್ಯ ಮುಗಿದ ಮೇಲೆ ಸರದಿ ಬಂತು. ನಾನು ಮಂಗಳಾರತಿಗೆಂದು ಗುಡಿಯಲ್ಲಿದ್ದೆ. “ಬಾರೋ, ಹೊತ್ತಾಯ್ತು,” ಎಂದು ದೊಡ್ಡಪ್ಪ ಒಳಗಿನಿಂದ ಕರೆದರು. ಗೋವಿಂದ ಮಡಿಯುಟ್ಟು ಹೊಸ್ತಿಲವರೆಗೆ ಹೋದವನು ಅಲ್ಲೇ ನಿಂತ. ಸುಮ್ಮನೆ ಒಳಗೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ದಾಟಿದೀನಿ, ದೊಡ್ಡಪ್ಪ.”

ಅವರು ಬಯ್ಯಲಿಲ್ಲ. ಅಭಿಷೇಕದ ಬಿಂದಿಗೆಯನ್ನು ತಮ್ಮ ಮಗನ ಕೈಗೆ ಕೊಟ್ಟರು.

ಗೋವಿಂದ ಹಿಂದೆ ಸರಿದು ನನ್ನ ಪಕ್ಕಕ್ಕೆ ಬಂದ. ನಮ್ಮ ತಾತ, ನಮ್ಮಪ್ಪ ತೀರ್ಥಕ್ಕೆ ಕೈ ಚಾಚಿ ನಿಂತ ಜಾಗ ಅದು. ಅವನೂ ತೀರ್ಥಕ್ಕೆ ಕೈ ಚಾಚಿದ. ನಾವು ಯಾವತ್ತೂ ಹೊರಗೇ ನಿಂತಿದ್ದೆವೆಂದು ನನಗೆ ಗೊತ್ತಾದದ್ದು ಆವತ್ತು.

ಈಗ ಅವನು ಕ್ಯಾಪ್ಟನ್. ಮುಂದಿನ ವಾರ ಊರಿಗೆ ಬರುತ್ತಾನಂತೆ, ಬೆಳಿಗ್ಗೆ ಫೋನ್ ಮಾಡಿದ್ದ. ಗುಡಿಗೆ ಹೋಗೋಣ ಬಾ ಎಂದು ಕರೆದ. ಕಚೇರಿಯಲ್ಲಿ ಕೆಲಸವಿದೆ ಎಂದು ನೆಪ ಹೇಳಿದೆ.